ಹಾಲು ಕೆಡುತ್ತದೆ, ಕಲ್ಲು ಕೆಡುವುದಿಲ್ಲ

ಮೈಸೂರಿನಲ್ಲಿ ತಪಸ್ಸುಕಾಲದ (ಈಸ್ಟರಿಗೆ ಮುಂಚಿನ ಪ್ರಾಯಶ್ಚಿತ್ತದ ದಿನಗಳು) ಒಂದು ಭಾನುವಾರ ಸಂಜೆ, ಮನುಷ್ಯ ಹುಟ್ಟಿನಿಂದಲೇ ಪಾಪಿಯೇ ಎಂಬ ಪ್ರಶ್ನೆಯ ಮೇಲೆ ಆಡಿದ ಮಾತುಗಳಿವು. ಕೇಳಿದವರಲ್ಲಿ ಕ್ರೈಸ್ತರೂ ಇದ್ದರು, ಬೇರೆಯವರೂ ಇದ್ದರು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಸಭೆಯಿಂದ ಬಂದ ಒಂದು ಪ್ರಶ್ನೆಯ ಉತ್ತರವನ್ನೂ ಒಳಗೇ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ನನ್ನ ಮೊಮ್ಮಗಳಿಗೆ ದೀಕ್ಷಾಸ್ನಾನ ಆದದ್ದು ಇಲ್ಲೇ, ಸಂತ ಫಿಲೋಮಿನಾ ಚರ್ಚಿನಲ್ಲಿ. ಆಗ ಅವಳಿಗೆ ಎರಡು ತಿಂಗಳು. ಪಕ್ಕದ ಮನೆಯ ಅಜ್ಜಿಯನ್ನೂ ಕರೆದಿದ್ದೆವು. ಚರ್ಚಿನೊಳಗೆ ಅವರು ಕಾಲಿಟ್ಟದ್ದು ಅದೇ ಮೊದಲು. ಗುರುಗಳು ಮಗುವಿನ ತಲೆಗೆ ನೀರು ಹೊಯ್ದರು, ಕೂಸು ಬೆಚ್ಚಿಬಿದ್ದು ಅತ್ತಿತು. ಮನೆಗೆ ಬಂದು ಊಟ ಮುಗಿದ ಮೇಲೆ ಅಜ್ಜಿ ಕೇಳಿದರು: “ಅಲ್ಲ ಮೇಷ್ಟ್ರೇ, ಜನ್ಮಪಾಪ ತೊಳೆಯೋದು ಅಂದ್ರಲ್ಲ ನಿಮ್ಮ ಫಾದರ್ರು. ಇನ್ನೂ ಕತ್ತು ನಿಲ್ಲದ ಕೂಸು ಇದು. ಏನು ಪಾಪ ಮಾಡಿತ್ತು ಹೇಳಿ?”

ಚಿಕ್ಕಂದಿನಲ್ಲಿ ಉಪದೇಶದ ಕ್ಲಾಸಿನಲ್ಲಿ ಬಾಯಿಪಾಠ ಮಾಡಿದ ಉತ್ತರ ನನಗೆ ಗೊತ್ತಿತ್ತು. ಆದರೆ ಅಜ್ಜಿಯ ತೊಡೆಯ ಮೇಲೆ ಮಲಗಿದ್ದ ಮಗುವನ್ನು ನೋಡಿಕೊಂಡು ಆ ಉತ್ತರ ಹೇಳಲು ಬಾಯಿ ಬರಲಿಲ್ಲ. ಆ ಅಜ್ಜಿ ಇವತ್ತು ಎರಡನೇ ಸಾಲಿನಲ್ಲಿ ಕೂತಿದ್ದಾರೆ. ನನ್ನ ಮಾತು ಮುಖ್ಯವಾಗಿ ಅವರಿಗೆ.

ಕ್ರೈಸ್ತ ಧರ್ಮದ ವಿಷಯದಲ್ಲಿ ಹೊರಗಿನವರಿಗೆ ಜಾಸ್ತಿ ಇರಿಸುಮುರಿಸಾಗುವುದು ಇದೇ ಜಾಗದಲ್ಲಿ. ಒಳಗಿನವರಿಗೂ ಆಗುತ್ತದೆ, ನಾವು ಹೇಳಿಕೊಳ್ಳುವುದಿಲ್ಲ ಅಷ್ಟೆ. ಮನುಷ್ಯ ಹುಟ್ಟಿನಿಂದಲೇ ಪಾಪಿ ಎಂದರೆ, ಮಾಡುವಾಗಲೇ ದೇವರ ಕೈ ತಪ್ಪಿತು ಅಂತ ತಾನೇ ಅರ್ಥ? ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತೇವೆ. ಪಾಪ ನಮ್ಮ ಹುಟ್ಟುಗುಣವೇ ಆಗಿದ್ದರೆ ಒಂದು ಚೊಂಬು ನೀರಿನಲ್ಲಿ ಏನು ಹೋದೀತು?

ಮೊದಲು ಬೈಬಲ್ಲನ್ನೇ ನೋಡೋಣ. ‘ಜನ್ಮಪಾಪ’ ಎಂಬ ಪದ ಅದರಲ್ಲಿ ಎಲ್ಲೂ ಇಲ್ಲ. ಆದಿಕಾಂಡದ ಮೊದಲ ಅಧ್ಯಾಯ ತೆಗೆದರೆ ಸಿಗುವುದು ಬೇರೆಯದೇ ಮಾತು. ಬೆಳಕು, ನೆಲ, ಗಿಡಮರ, ಸೂರ್ಯಚಂದ್ರ, ಮೀನು, ಹಕ್ಕಿ, ದನಕರು. ಮಾಡಿ ಮಾಡಿ ದೇವರು ಅದನ್ನು ನೋಡುತ್ತಾರೆ, ಚೆನ್ನಾಗಿದೆ ಅನ್ನಿಸುತ್ತದೆ. ಆರು ಸಲ ಹೀಗೆ ಬರುತ್ತದೆ. ಮನುಷ್ಯನನ್ನೂ ಮಾಡಿ ಮುಗಿಸಿದ ಮೇಲೆ ಏಳನೇ ಸಲ ಬರುತ್ತದೆ. ಆಗ ‘ಬಹಳ ಚೆನ್ನಾಗಿದೆ’. ನಮ್ಮ ಬಗ್ಗೆ ಬೈಬಲ್ ಹೇಳುವ ಮೊದಲ ಮಾತು ಇದು. ಪಾಪದ ವಿಷಯ ಏನೇ ಮಾತಾಡಿದರೂ ಇದನ್ನು ದಾಟಿಕೊಂಡು ಹೋಗುವ ಹಾಗಿಲ್ಲ.

ಮೂರನೇ ಅಧ್ಯಾಯದಲ್ಲಿ ಹಣ್ಣಿನ ಕತೆ. ಮೊದಲ ಮನುಷ್ಯ ಆದಾಮ, ಅವನ ಹೆಂಡತಿ ಏವ, ದೇವರು ಬೇಡವೆಂದ ಹಣ್ಣನ್ನು ತಿನ್ನುತ್ತಾರೆ. ಜನ್ಮಪಾಪ ಶುರುವಾದದ್ದು ಇಲ್ಲಿಂದ ಅನ್ನುತ್ತಾರೆ. ಸೇಬು ಅಂತ ಅಲ್ಲಿ ಬರೆದಿಲ್ಲ, ಸುಮ್ನೆ ‘ಹಣ್ಣು’ ಅಂತಿದೆ. ಆ ಅಧ್ಯಾಯದಲ್ಲಿ ‘ಪಾಪ’ ಎಂಬ ಪದವೂ ಇಲ್ಲ. ಅದು ಮೊದಲ ಸಲ ಬರುವುದು ನಾಲ್ಕನೇ ಅಧ್ಯಾಯದಲ್ಲಿ. ಆದಾಮನ ಮಗ, ಕಾಯಿನ ಎಂಬವನು, ತನ್ನ ತಮ್ಮನ ಮೇಲೆ ಹೊಟ್ಟೆ ಉರಿದುಕೊಂಡು, ಮುಖ ಇಳಿಬಿಟ್ಟುಕೊಂಡು ನಿಂತಿದ್ದಾನೆ. ದೇವರು ಅವನಿಗೆ ಹೇಳುತ್ತಾರೆ: ಪಾಪ ನಿನ್ನ ಬಾಗಿಲಲ್ಲಿ ಹೊಂಚು ಹಾಕಿ ಮಲಗಿದೆ, ನೀನು ಅದನ್ನು ಅಂಕೆಯಲ್ಲಿಟ್ಟುಕೊಳ್ಳಬೇಕು. ನಮ್ಮ ಕಡೆ ಕಬ್ಬಿನ ಗದ್ದೆಯಿಂದ ಚಿರತೆ ಊರೊಳಗೆ ಬರುತ್ತದಲ್ಲ, ಹಾಗೆ. ಚಿರತೆ ಆ ಮನೆಯದ್ದಲ್ಲ. ಆದರೆ ಬಾಗಿಲ ಚಿಲಕ ತೆಗೆಯುವ ಕೈ ಮನೆಯೊಳಗಿನದೇ.

ಇಷ್ಟಕ್ಕೇ ನಿಲ್ಲಿಸಿದರೆ ನಾನು ನಿಮಗೆ ಅರ್ಧ ಮಾತ್ರ ಹೇಳಿದ ಹಾಗಾಗುತ್ತದೆ. ಜಲಪ್ರಳಯ ಮುಗಿದ ಮೇಲೆ ಅದೇ ಆದಿಕಾಂಡ, ಮನುಷ್ಯನ ಮನಸ್ಸು ಚಿಕ್ಕಂದಿನಿಂದಲೇ ಕೆಟ್ಟದ್ದರ ಕಡೆ ವಾಲುತ್ತದೆ ಅನ್ನುತ್ತದೆ. 51ನೇ ಕೀರ್ತನೆಯಲ್ಲಿ, ತಾಯಿಯ ಗರ್ಭದಲ್ಲಿದ್ದಾಗಿನಿಂದ ನಾನು ಪಾಪಿ ಎಂದು ಒಬ್ಬ ಅಳುತ್ತಾನೆ. ಮಾರ್ಕನ ಶುಭಸಂದೇಶದ ಏಳನೇ ಅಧ್ಯಾಯದಲ್ಲಿ ಯೇಸುವೇ ಹೇಳುತ್ತಾರೆ: ಹೊರಗಿನಿಂದ ಹೊಟ್ಟೆಗೆ ಹೋಗುವ ಯಾವುದೂ ಮನುಷ್ಯನನ್ನು ಮೈಲಿಗೆ ಮಾಡುವುದಿಲ್ಲ. ಕಳ್ಳತನ, ಕೊಲೆ, ದುರಾಸೆ, ಹೊಟ್ಟೆಕಿಚ್ಚು ಎಲ್ಲ ಒಳಗಿನಿಂದ, ಎದೆಯಿಂದ ಹೊರಡುತ್ತವೆ. ಬಹಳ ಚೆನ್ನಾಗಿ ಮಾಡಿದ ಜೀವ ಎಂಬುದೂ ನಿಜ, ಒಳಗಿನಿಂದಲೇ ಕೊಳೆ ಬರುತ್ತದೆ ಎಂಬುದೂ ನಿಜ. ಎರಡೂ ಹೇಗೆ ನಿಜವಾಗುತ್ತವೆ?

ನಾನು ಕನ್ನಡ ಮೇಷ್ಟ್ರು. ನನಗೆ ಇದು ಬಿಡಿಸಿಕೊಂಡದ್ದು ವ್ಯಾಕರಣದಲ್ಲಿ.

ಬೈಬಲ್ಲಿನ ನ್ಯಾಯಸ್ಥಾಪಕರ ಪುಸ್ತಕದ 20ನೇ ಅಧ್ಯಾಯದಲ್ಲಿ 700 ಜನ ಎಡಚರ ಮಾತು ಬರುತ್ತದೆ. ಕವಣೆ ಬೀಸಿದರೆ ಒಂದು ಕೂದಲೆಳೆಗೂ ಗುರಿ ತಪ್ಪದ ಗಂಡುಗಳು. ಆ ‘ತಪ್ಪು’ ಎಂಬುದಕ್ಕೆ ಹೀಬ್ರೂವಿನಲ್ಲಿ ಬಳಸಿದ ಕ್ರಿಯಾಪದವೇ ಬೇರೆಲ್ಲ ಕಡೆ ‘ಪಾಪ ಮಾಡು’ ಎಂಬ ಅರ್ಥ ಕೊಡುತ್ತದೆ. ಬೇರೆ ಭಾಷೆಯವರಿಗೆ ಇದನ್ನು ವಿವರಿಸಿ ಹೇಳಬೇಕಾಗುತ್ತದೆ. ನಮಗೆ ಬೇಕಿಲ್ಲ. ಗುರಿ ತಪ್ಪಿತು, ದಾರಿ ತಪ್ಪಿದ, ತಪ್ಪು ಮಾಡಿದ. ಒಂದೇ ಪದ. ತಪ್ಪಬೇಕಾದರೆ ಗುರಿ ಅಂತ ಒಂದು ಇರಲೇಬೇಕು. ಗುರಿ ಇಲ್ಲದವನು ಎಲ್ಲಿಗೆ ಕಲ್ಲು ಹೊಡೆದರೂ ತಪ್ಪುವುದಿಲ್ಲ.

ಇನ್ನೊಂದು ಪದಕ್ಕೆ ಬರುವ ಮೊದಲು ಒಬ್ಬ ದೊಡ್ಡವರ ವಿಷಯ ಸ್ವಲ್ಪ ನಿಧಾನವಾಗಿ ಹೇಳಬೇಕು. ಸಂತ ಅಗಸ್ಟೀನ್. 354ರಲ್ಲಿ ಉತ್ತರ ಆಫ್ರಿಕಾದಲ್ಲಿ, ಈಗಿನ ಅಲ್ಜೀರಿಯಾದಲ್ಲಿ ಹುಟ್ಟಿದವರು. ಜನ್ಮಪಾಪದ ಬೋಧನೆಗೆ ಪಶ್ಚಿಮದ ಕ್ರೈಸ್ತ ಸಭೆಯಲ್ಲಿ ಇವತ್ತಿರುವ ರೂಪ ಕೊಟ್ಟವರು ಅವರೇ. 16ನೇ ವಯಸ್ಸಿನಲ್ಲಿ ಗೆಳೆಯರ ಜೊತೆ ರಾತ್ರಿ ಹೊತ್ತು ಪಕ್ಕದ ತೋಟದ ಪೇರು ಹಣ್ಣು ಕದ್ದದ್ದನ್ನು ಅವರು ಬರೆದಿದ್ದಾರೆ. ಹಸಿವಿರಲಿಲ್ಲ. ಅದಕ್ಕಿಂತ ಒಳ್ಳೆಯ ಹಣ್ಣು ಅವರ ಮನೆಯಲ್ಲೇ ಇತ್ತು. ಕದ್ದದ್ದರಲ್ಲಿ ಬಹುಪಾಲು ಹಂದಿಗಳಿಗೆ ಎಸೆದರು. ಸುಮಾರು 400ನೇ ಇಸವಿಯ ಹೊತ್ತಿಗೆ, ಬಿಷಪ್ ಆದ ಮೇಲೆ, ಆ ರಾತ್ರಿಯನ್ನು ನೆನೆದು ಪುಟಗಟ್ಟಲೆ ಬರೆಯುತ್ತಾರೆ. ಬೇಡದ ಹಣ್ಣನ್ನು ಯಾಕೆ ಕದ್ದೆ? ಮಾಡಬಾರದ್ದು ಎಂಬುದೇ ಅದರ ರುಚಿಯಾಗಿತ್ತು.

ಅಗಸ್ಟೀನ್ ಹರೆಯದಲ್ಲಿ ಒಂಬತ್ತು ವರ್ಷ ಮಾನಿ ಎಂಬ ಗುರುವಿನ ಪಂಥದಲ್ಲಿದ್ದರು. ಬೆಳಕು ಒಂದು, ಕತ್ತಲು ಒಂದು, ಎರಡೂ ಮೊದಲಿನಿಂದಲೂ ಇವೆ, ನಮ್ಮ ಮೈ ಕತ್ತಲಿನ ಪಾಲು ಎಂಬುದು ಆ ಪಂಥದ ಮಾತು. ಅದರಲ್ಲಿ ಒಂದು ಸುಖವಿದೆ. ನಾನು ಮಾಡಿದ್ದಲ್ಲ, ನನ್ನೊಳಗಿನ ಕತ್ತಲು ಮಾಡಿದ್ದು ಎಂದು ಕೈ ತೊಳೆದುಕೊಳ್ಳಬಹುದು. ಅಗಸ್ಟೀನ್ ಅದನ್ನು ಬಿಟ್ಟು ಹೊರಗೆ ಬಂದರು. ಕೆಡುಕು ಎಂಬುದು ತಾನೇ ತಾನಾಗಿ ಇರುವ ಒಂದು ವಸ್ತುವಲ್ಲ, ಇದ್ದ ಒಳ್ಳೆಯದು ಕಡಿಮೆಯಾಗುತ್ತಾ ಹೋಗುವುದೇ ಕೆಡುಕು ಎಂದರು.

ಈಗ ‘ಕೆಟ್ಟ’ ಎಂಬ ಪದ ನೋಡಿ. ಕೆಟ್ಟ ಮಾತು, ಕೆಟ್ಟ ಹುಡುಗ ಅಂತ ಗುಣ ಹೇಳುವ ಪದವಾಗಿ ಬಳಸುತ್ತೇವೆ. ಆದರೆ ಅದು ಹುಟ್ಟಿದ್ದು ಕ್ರಿಯಾಪದದಿಂದ. ಬಿಡು, ಬಿಟ್ಟ. ಸುಡು, ಸುಟ್ಟ. ಕೆಡು, ಕೆಟ್ಟ. ಕೆಟ್ಟದ್ದು ಎಂದರೆ ಕೆಟ್ಟುಹೋದದ್ದು. ಕೆಡಬೇಕಾದರೆ ಮೊದಲು ಚೆನ್ನಾಗಿರಬೇಕು ಅಲ್ವಾ? ಹಾಲು ಕೆಡುತ್ತದೆ. ಗಡಿಯಾರ ಕೆಡುತ್ತದೆ. ಆರೋಗ್ಯ ಕೆಡುತ್ತದೆ. ಕಲ್ಲು ಕೆಡುವುದಿಲ್ಲ. ಹಾಲು ಎಷ್ಟು ಒಳ್ಳೆಯದೋ ಕೆಟ್ಟಾಗ ಅದರ ನಾತವೂ ಅಷ್ಟೇ ಜೋರು. ಮನುಷ್ಯನಷ್ಟು ಕೆಡುವ ಪ್ರಾಣಿ ಇನ್ನೊಂದಿಲ್ಲ ಎಂದರೆ, ಅವನನ್ನು ಅಷ್ಟು ಚೆನ್ನಾಗಿ ಮಾಡಲಾಗಿತ್ತು ಎಂದೇ ಅರ್ಥ. ಮನುಷ್ಯ ಸ್ವಭಾವತಃ ಪಾಪಿಯೇ ಎಂದು ಕೇಳಿದರೆ ನನ್ನ ಉತ್ತರ ಇಷ್ಟೇ: ಸ್ವಭಾವ ಒಳ್ಳೆಯದು, ಅದು ಕೆಟ್ಟಿದೆ.

ಅಗಸ್ಟೀನರ ಕಾಲದಲ್ಲೇ ಇದಕ್ಕೆ ಎದುರು ಮಾತಾಡಿದವರು ಬ್ರಿಟನ್ನಿನಿಂದ ಬಂದ ಪೆಲಾಜಿಯಸ್ ಎಂಬ ಸನ್ಯಾಸಿ. ಆದಾಮ ಕೆಟ್ಟ ಮೇಲ್ಪಂಕ್ತಿ ಹಾಕಿಕೊಟ್ಟ ಅಷ್ಟೆ, ಪ್ರತಿ ಮಗುವೂ ಆದಾಮ ಮೊದಲು ಇದ್ದಂತೆಯೇ ಹುಟ್ಟುತ್ತದೆ, ಮನಸ್ಸು ಮಾಡಿದರೆ ಪಾಪವಿಲ್ಲದೆ ಬದುಕಬಹುದು ಎಂಬುದು ಅವರ ವಾದ. ಕೇಳಲು ಎಷ್ಟು ಹಿತ! ಆದರೆ ಕುಡಿತಕ್ಕೆ ಸಿಕ್ಕಿಬಿದ್ದವನ ಮನೆಯಲ್ಲಿ ಒಂದು ವಾರ ಇದ್ದು ನೋಡಿ. ಬೆಳಿಗ್ಗೆ ಮಗಳ ತಲೆ ಮುಟ್ಟಿ ಆಣೆ ಮಾಡುತ್ತಾನೆ. ಸುಳ್ಳು ಆಣೆಯಲ್ಲ, ಮನಸಾರೆ ಮಾಡಿದ್ದು. ಸಂಜೆ ಕಾಲು ತಾನಾಗಿ ಅಂಗಡಿ ಕಡೆ ಹೋಗುತ್ತದೆ. ಅವನ ಮುಂದೆ ‘ಮನಸ್ಸು ಮಾಡಪ್ಪ, ಎಲ್ಲ ನಿನ್ನ ಕೈಲಿದೆ’ ಎಂದರೆ ಅದಕ್ಕಿಂತ ನಿಷ್ಕರುಣೆಯ ಮಾತು ಇಲ್ಲ. ಬಯಸುವ ಒಳ್ಳೆಯದನ್ನು ಮಾಡಲಾರೆ, ಬಯಸದ ಕೆಟ್ಟದ್ದನ್ನೇ ಮಾಡುತ್ತೇನೆ ಎಂದು ಸಂತ ಪೌಲ ರೋಮನರಿಗೆ ಬರೆದದ್ದು ಅವನ ಕತೆಯನ್ನೇ. 418ರಲ್ಲಿ ಉತ್ತರ ಆಫ್ರಿಕಾದ ಕಾರ್ಥೇಜಿನಲ್ಲಿ ಸೇರಿದ ಬಿಷಪ್ಪರ ಸಭೆ ಪೆಲಾಜಿಯಸ್‌ನ ಬೋಧನೆಯನ್ನು ತಳ್ಳಿಹಾಕಿತು. ಅದು ಸರಿ ಎಂದೇ ನನ್ನ ನಂಬಿಕೆ.

ಆದರೆ ಅಗಸ್ಟೀನರೂ ಒಂದು ಕಡೆ ಅತಿಗೆ ಹೋದರು. ಪೌಲ ರೋಮನರಿಗೆ ಬರೆದ ಅದೇ ಪತ್ರದ ಐದನೇ ಅಧ್ಯಾಯ, 12ನೇ ವಚನ. ಅವರ ಕೈಲಿದ್ದ ಲ್ಯಾಟಿನ್ ಅನುವಾದದಲ್ಲಿ ‘ಅವನಲ್ಲಿ ಎಲ್ಲರೂ ಪಾಪ ಮಾಡಿದರು’ ಎಂಬ ಅರ್ಥ ಬರುವಂತಿತ್ತು. ಅಂದರೆ ಆದಾಮನೊಳಗೆ ನಾವೆಲ್ಲ ಇದ್ದೆವು, ಅವನ ಅಪರಾಧ ನಮ್ಮದೂ ಹೌದು. ಮೂಲ ಗ್ರೀಕನ್ನು ಇವತ್ತು ಬಹುತೇಕ ಪಂಡಿತರು ‘ಏಕೆಂದರೆ ಎಲ್ಲರೂ ಪಾಪ ಮಾಡಿದರು’ ಎಂದು ಓದುತ್ತಾರೆ. ಅಗಸ್ಟೀನರಿಗೆ ಗ್ರೀಕ್ ಅಷ್ಟಾಗಿ ಬರುತ್ತಿರಲಿಲ್ಲ. ಗ್ರೀಕಿನಲ್ಲೇ ಓದಿಕೊಂಡು ಬಂದ ಪೂರ್ವದ ಆರ್ಥೊಡಾಕ್ಸ್ ಸಭೆಗಳು, ಆದಾಮನಿಂದ ನಮಗೆ ಬಂದದ್ದು ಸಾವು ಮತ್ತು ಕೆಡುವ ಗುಣ, ಅವನ ಅಪರಾಧವಲ್ಲ ಎಂದೇ ಹೇಳಿಕೊಂಡು ಬಂದಿವೆ. ದೀಕ್ಷಾಸ್ನಾನ ಇಲ್ಲದೆ ಸತ್ತ ಹಸುಗೂಸಿಗೂ, ಅತ್ಯಂತ ಮೃದುವಾದದ್ದೇ ಆದರೂ, ಶಿಕ್ಷೆ ತಪ್ಪುವುದಿಲ್ಲ ಎಂದು ಅಗಸ್ಟೀನ್ ಬರೆದರು. ಅದನ್ನು ಓದಿದಾಗೆಲ್ಲ ನನ್ನ ಎದೆ ಭಾರವಾಗುತ್ತದೆ. ಎಷ್ಟು ತಾಯಂದಿರು ಆ ಮಾತಿನಿಂದ ಬೆಂದಿದ್ದಾರೋ. 2007ರಲ್ಲಿ ವ್ಯಾಟಿಕನ್ನಿನ ದೈವಶಾಸ್ತ್ರ ಆಯೋಗವು ಅಂಥ ಕೂಸುಗಳು ದೇವರ ಬಳಿ ಸೇರುತ್ತವೆ ಎಂದು ಆಸೆಯಿಡಲು ಗಟ್ಟಿ ಕಾರಣಗಳಿವೆ ಎಂದು ಬರೆಯಿತು. ತಡವಾಗಿಯಾದರೂ ಬಂತು.

16ನೇ ಶತಮಾನದಲ್ಲಿ ಕಥೋಲಿಕರೂ ಪ್ರಾಟೆಸ್ಟಂಟರೂ ಬೇರೆಯಾದ ಜಗಳ ನಿಮಗೆ ಗೊತ್ತೇ ಇದೆ. ಕೆಟ್ಟಿದ್ದು ಎಷ್ಟು ಎಂಬುದೂ ಅದರಲ್ಲಿ ಒಂದು. ಪ್ರಾಟೆಸ್ಟಂಟರ ಮುಂದಾಳುಗಳಾದ ಲೂಥರ್, ಕ್ಯಾಲ್ವಿನ್ ಪೂರ್ತಿ ಕೆಟ್ಟಿದೆ ಎಂದರು. ಅದರಲ್ಲೂ ‘ಪೂರ್ತಿ’ ಎಂದರೆ ಮನುಷ್ಯನ ಯಾವ ಭಾಗವೂ ಕೆಡದೆ ಉಳಿದಿಲ್ಲ ಎಂದರ್ಥ, ಪ್ರತಿಯೊಬ್ಬನೂ ರಾಕ್ಷಸ ಎಂದಲ್ಲ. 1546ರಲ್ಲಿ ಟ್ರೆಂಟ್ ಮಹಾಸಭೆ ಕಥೋಲಿಕರ ನಿಲುವನ್ನು ಬರೆದಿಟ್ಟಿತು. 1992ರ ಕಥೋಲಿಕ ಧರ್ಮೋಪದೇಶ ಗ್ರಂಥ ಅದನ್ನು ಇನ್ನೂ ಬಿಡಿಸಿ ಹೇಳುತ್ತದೆ: ಜನ್ಮಪಾಪ ನಾವು ಮಾಡಿದ್ದಲ್ಲ, ನಮಗೆ ಅಂಟಿಕೊಂಡು ಬಂದದ್ದು. ಅದು ಕೃತ್ಯವಲ್ಲ, ಸ್ಥಿತಿ. ಮನುಷ್ಯನ ಸ್ವಭಾವ ಗಾಯಗೊಂಡಿದೆ, ಪೂರ್ತಿ ಹಾಳಾಗಿಲ್ಲ.

ಮಾಡದೆ ಅಂಟಿಕೊಂಡು ಬರುವುದು ಎಂದರೇನು? ಮಂಡ್ಯದ ಕಡೆಯವರಿಗೆ ಬೇಗ ಅರ್ಥವಾಗುತ್ತದೆ. ಕನ್ನಂಬಾಡಿ ಕಟ್ಟೆ ಆಯಿತು, 1930ರ ದಶಕದಲ್ಲಿ ವಿಶ್ವೇಶ್ವರಯ್ಯ ನಾಲೆಯ ನೀರು ಬಂತು. ರಾಗಿಯ ನೆಲದಲ್ಲಿ ಭತ್ತ, ಕಬ್ಬು ನಿಂತವು. ಆ ನೀರಿನ ಋಣದಲ್ಲೇ ನಾನು ಓದಿದ್ದು. ಆದರೆ ನೀರು ಕಂಡ ಖುಷಿಯಲ್ಲಿ ಜನ ಮಿತಿಯಿಲ್ಲದೆ ಹಾಯಿಸಿದರು. ಬಸಿದು ಹೋಗಲು ದಾರಿಯಿಲ್ಲದ ತಗ್ಗಿನಲ್ಲಿ ನೆಲದೊಳಗಿನ ನೀರು ಮೇಲೆದ್ದಿತು, ಜೊತೆಗೆ ಉಪ್ಪನ್ನೂ ತಂದಿತು. ಬೇಸಿಗೆಯಲ್ಲಿ ನೀರು ಆರಿಹೋಗುತ್ತದೆ, ಉಪ್ಪು ಮಣ್ಣಿನ ಮೇಲೆ ಬೆಳ್ಳಗೆ ಕೂರುತ್ತದೆ. ಅದೇ ಚೌಳು. ನಾಟಿ ಮಾಡಿದ ಪೈರು ತುದಿ ಸುಟ್ಟ ಹಾಗೆ ಒಣಗುತ್ತದೆ.

ಅಂಥ ಗದ್ದೆ ಮಗನ ಕೈಗೆ ಬರುತ್ತದೆ. ಚೌಳು ಮಾಡಿದವನು ಅವನಲ್ಲ. ಪಹಣಿಯಲ್ಲಿ ಹೆಸರು ಬಂದ ದಿನ ಉಪ್ಪೂ ಅವನದಾಯಿತು. ಯಾವ ಕೋರ್ಟೂ ಅವನನ್ನು ಅಪರಾಧಿ ಅನ್ನುವುದಿಲ್ಲ. ಅಪ್ಪಂದಿರು ಹುಳಿ ದ್ರಾಕ್ಷಿ ತಿಂದರೆ ಮಕ್ಕಳ ಹಲ್ಲು ಚಳಿಯಿತು ಎಂಬ ಗಾದೆಯನ್ನು ಇನ್ನು ಎತ್ತಬೇಡಿ, ಮಗ ಅಪ್ಪನ ಅಪರಾಧ ಹೊರುವುದಿಲ್ಲ ಎಂದು ಪ್ರವಾದಿ ಯೆಜೆಕಿಯೇಲನೂ ಹೇಳಿದ್ದಾನೆ. ಆದರೂ ಬಿತ್ತಿದ್ದು ಬರುವುದಿಲ್ಲ. ಪೈರು ಒಣಗಿತು ಅಂತ ಮಗನೂ ಇನ್ನಷ್ಟು ನೀರು ಬಿಡುತ್ತಾನೆ. ಅಲ್ಲಿಂದ ಮುಂದೆ ತಪ್ಪು ಅವನದೂ ಹೌದು. ಇದಕ್ಕೆ ಮದ್ದು ಇದೆ. ಬಸಿಗಾಲುವೆ ತೋಡಬೇಕು, ಒಳ್ಳೆಯ ನೀರು ನಿಲ್ಲಿಸಿ ಉಪ್ಪನ್ನು ಕರಗಿಸಿ ಹೊರಗೆ ಕಳಿಸಬೇಕು. ಒಬ್ಬನ ಕೈಲಿ ಆಗುವ ಕೆಲಸವಲ್ಲ. ಕಾಲುವೆ ಅಕ್ಕಪಕ್ಕದವರ ಗದ್ದೆ ದಾಟಿ ಹೋಗಬೇಕು. ನೀರು ಮೇಲಿನಿಂದ ಬರಬೇಕು. ನೆಲ ಮಾತ್ರ ಅದೇ ನೆಲ, ಒಳ್ಳೆಯದೇ.

ಅಜ್ಜೀ, ನೀವು ಕೇಳಿದಿರಲ್ಲ, ನನ್ನ ಮೊಮ್ಮಗಳು ಏನೂ ಪಾಪ ಮಾಡಿರಲಿಲ್ಲ. ಅವಳು ನಮ್ಮ ಮನೆಯಲ್ಲಿ ಹುಟ್ಟಿದ್ದಳು. ನನ್ನ ಸಿಟ್ಟು, ನಮ್ಮಪ್ಪನ ಜಿಪುಣತನ, ಈ ಲೋಕದ ಹಳೆಯ ಹಗೆ ಎಲ್ಲ ತುಂಬಿದ ಮಣ್ಣಿನಲ್ಲಿ ಬೇರು ಬಿಡಬೇಕಾದ ಸಸಿ ಅವಳು. ಆ ದಿನ ತಲೆಗೆ ಬಿದ್ದದ್ದು ಆ ಮೇಲಿನ ನೀರು. ನಾವು ಅದನ್ನು ಕೃಪೆ ಅನ್ನುತ್ತೇವೆ.

ಮಾತು ಮುಗಿಯುವ ಹೊತ್ತಿಗೆ ಒಬ್ಬ ಯುವಕ ಎದ್ದು ಕೇಳಿದರು: “ಹುಟ್ತಾನೇ ಕೀಳು ಅನ್ನಿಸಿಕೊಂಡು ಸಾಕಾಗಿ ನಮ್ಮ ತಾತ ಚರ್ಚಿಗೆ ಬಂದ್ರು. ಇಲ್ಲೂ ಹುಟ್ಟಾ ಪಾಪಿ ಅಂದ್ರೆ ಹೇಗೆ ಸರ್?” ಸಭೆ ಸುಮ್ಮನಾಯಿತು. ನಾನು ಹೇಳಿದ್ದು ಇದು. ಹುಟ್ಟಿನಿಂದ ಕೆಲವರು ಕೀಳು, ಕೆಲವರು ಮೇಲು ಎಂಬುದು ಒಂದು ಮಾತು. ಹುಟ್ಟಿದ ಎಲ್ಲರ ಗದ್ದೆಯಲ್ಲೂ ಚೌಳಿದೆ, ಪೋಪರದ್ದರಲ್ಲೂ ರಾಜನದ್ದರಲ್ಲೂ ಇದೆ ಎಂಬುದು ಅದನ್ನು ಬುಡಸಮೇತ ಕೀಳುವ ಮಾತು. ನಾನು ಶುದ್ಧ ಎಂದು ಹೇಳಿಕೊಳ್ಳಲು ಅದು ಯಾರಿಗೂ ಎಡೆ ಕೊಡುವುದಿಲ್ಲ. ಹುಟ್ಟುಕುರುಡನನ್ನು ತೋರಿಸಿ, ಪಾಪ ಮಾಡಿದವನು ಇವನೋ ಇವನ ಹೆತ್ತವರೋ ಎಂದು ಶಿಷ್ಯರು ಕೇಳಿದಾಗ ಯೇಸು, ಇವನೂ ಅಲ್ಲ, ಹೆತ್ತವರೂ ಅಲ್ಲ ಎಂದರು. ಒಬ್ಬರ ಹುಟ್ಟನ್ನು ಹಿಡಿದು ಪಾಪದ ಲೆಕ್ಕ ಹಾಕುವುದು ಅಲ್ಲಿಗೇ ಮುಗಿಯಬೇಕಿತ್ತು. ನಮ್ಮ ಚರ್ಚುಗಳೊಳಗೂ ಅದು ಮುಗಿದಿಲ್ಲ. ಇದನ್ನು ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ.

ಕನ್ನಡದಲ್ಲಿ ‘ಪಾಪ’ ಎಂಬ ಪದ ಬೇರೆ ಎಲ್ಲಿಗೋ ಹೋಗಿದೆ, ಗಮನಿಸಿದ್ದೀರಾ? ಬಸ್ಸಿನಲ್ಲಿ ಯಾರಾದರೂ ಬಿದ್ದರೆ ‘ಅಯ್ಯೋ ಪಾಪ’ ಅನ್ನುತ್ತೇವೆ. ಬೈಗುಳವಲ್ಲ ಅದು, ಕರುಳು ಚುರುಕ್ ಅಂದದ್ದು. ಗುಂಪುಗಳನ್ನು ನೋಡಿ, ಇವರು ಕುರುಬನಿಲ್ಲದ ಕುರಿಗಳ ಹಾಗೆ ಬಳಲಿದ್ದಾರೆ ಎಂದು ಯೇಸುವಿನ ಕರುಳು ಮರುಗಿತು ಎಂದು ಮತ್ತಾಯ ಬರೆಯುತ್ತಾನೆ. ಬೋಧಿಸುವವರ ಬಾಯಲ್ಲಿ ‘ಪಾಪಿ’ ಎಂಬ ಮಾತು ಬರುವಾಗ ಈ ‘ಅಯ್ಯೋ ಪಾಪ’ ಅದರಲ್ಲಿ ಕೇಳಿಸದಿದ್ದರೆ, ಅವರು ಬಾಯಿ ತೆರೆಯದಿರುವುದೇ ಮೇಲು.

ನನ್ನದೇ ಒಂದು ವಿಷಯ ಹೇಳಿ ಮುಗಿಸುತ್ತೇನೆ. ಊರಿನಲ್ಲಿ ಅಪ್ಪ ಬಿಟ್ಟುಹೋದ 20 ಗುಂಟೆ ಗದ್ದೆ ನನಗೆ ಬಂತು. ಪಕ್ಕದ್ದು ಚಿಕ್ಕಮ್ಮನದು. ಚಿಕ್ಕಪ್ಪ ಆಗಲೇ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ನಾಟಿಗೆ ಮುಂಚೆ ಬದು ಕೆತ್ತಬೇಕು. ಗರಿಕೆ ಸವರಿ, ಏಡಿ ಬಿಲ ಮುಚ್ಚಿ, ಕೆಸರು ಮೆತ್ತಬೇಕು. ಮೊದಲ ವರ್ಷ ಗುದ್ದಲಿ ಹಾಕುವಾಗ ಒಂದು ನಾಲ್ಕು ಬೆರಳು ಜಾಸ್ತಿ ಕೆತ್ತಿದೆ. ಕೆಸರು ಮಾತ್ರ ಅವರ ಕಡೆಗೆ ಮೆತ್ತಿದೆ. ಯಾರೂ ನೋಡಲಿಲ್ಲ. ಮರುವರ್ಷವೂ ಹಾಗೇ ಮಾಡಿದೆ. ನನಗೆ ಸಂಬಳ ಬರುತ್ತಿತ್ತು, ಆ ನೆಲ ನನಗೆ ಬೇಕಿರಲಿಲ್ಲ. ಭಾನುವಾರ ಪೂಜೆಗೆ ಹೋಗುತ್ತಿದ್ದೆ, ಮಕ್ಕಳಿಗೆ ಕಾಯಿನನ ಕತೆ ಹೇಳುತ್ತಿದ್ದೆ. ಆರು ವರ್ಷದಲ್ಲಿ ಬದು ಒಂದು ಮೊಳದಷ್ಟು ಆ ಕಡೆಗೆ ಸರಿದಿತ್ತು. ನಮ್ಮಪ್ಪನೂ ಹಾಗೇ ಸರಿಸುತ್ತಿದ್ದರು ಎಂದು ನನಗೆ ನೆನಪಾದದ್ದು ಆಮೇಲೆ.

ಒಂದು ತಪಸ್ಸುಕಾಲದಲ್ಲಿ ಪಾಪನಿವೇದನೆಗೆ ಹೋಗಿ ಇದನ್ನು ಹೇಳಿದೆ. ಗುರುಗಳು ಜಪ ಗಿಪ ಏನೂ ಹೇಳಲಿಲ್ಲ. “ಹೋಗಿ ಬದು ಹಿಂದಕ್ಕೆ ಹಾಕಿ” ಎಂದರು.

ಚಿಕ್ಕಮ್ಮ ಹಿತ್ತಲಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ನಿಂತುಕೊಂಡೇ ಎಲ್ಲ ಹೇಳಿದೆ. ಅವರು ತಲೆ ಎತ್ತಲಿಲ್ಲ. “ಗೊತ್ತಿತ್ತು ಕಣ್ ಮಗ” ಎಂದರು. “ನಾಟಿ ಹಾಕ್ವಾಗ ಒಂದ್ ಸಾಲು ಕಮ್ಮಿ ಆಗೋದು. ನಂಗೆ ಗೊತ್ತಾಗ್ದೆ ಇರ್ತದಾ? ನಿಂಗೆ ಅದೇನ್ ಬಂದಿತ್ತೋ, ಪಾಪ.” ಆಮೇಲೆ ಸೆರಗಿನಲ್ಲಿದ್ದ ಸಿಪ್ಪೆ ಕೊಡವಿ ಎದ್ದರು, ಕೊಟ್ಟಿಗೆಯಿಂದ ಹಗ್ಗ ತಂದರು. ಗದ್ದೆಗೆ ಹೋದೆವು. ಮೂಲೆಯಲ್ಲಿ ಬಾಂದುಕಲ್ಲು ಗರಿಕೆಯಲ್ಲಿ ಮುಚ್ಚಿಹೋಗಿತ್ತು, ಇದ್ದಲ್ಲೇ ಇತ್ತು. ಚಿಕ್ಕಮ್ಮ ಹಗ್ಗದ ತುದಿಯನ್ನು ಅದಕ್ಕೆ ಒತ್ತಿ ಹಿಡಿದು ಕುಕ್ಕರಗಾಲಲ್ಲಿ ಕೂತರು. “ಎಳ್ಕೊಂಡ್ ಹೋಗು, ನಾನ್ ಹಿಡ್ಕಂಡಿವ್ನಿ” ಎಂದರು. ನಾನು ಇನ್ನೊಂದು ತುದಿ ಹಿಡಿದು ಆ ಕಡೆಯ ಕಲ್ಲು ಹುಡುಕಿಕೊಂಡು ಹೋದೆ.